ಕೆಂಪು ಗುರುತಿಲ್ಲದ ಬಾಟಲಿ

ನನ್ನ ಮಗಳ ಬಾಯಿ ಮೂಸುವುದನ್ನು ನಾನು ಶುರು ಮಾಡಿದ್ದು ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ. ಸ್ಕೂಲ್ ಬಸ್ಸಿಳಿದು ಬಂದು ಶೂ ಬಿಚ್ಚುವ ಮೊದಲೇ ಅವಳ ಗಲ್ಲ ಹಿಡಿದು, ಮುದ್ದು ಮಾಡುವ ನೆಪದಲ್ಲಿ ಮೂಗು ಹತ್ತಿರ ತರುತ್ತಿದ್ದೆ. ಮೊದಲ ವಾರ ಅವಳಿಗೆ ತಿಳಿಯಲಿಲ್ಲ. ಎರಡನೇ ವಾರ ತಿಳಿಯಿತು. ಆಮೇಲೆ ತಾನೇ ಬಾಗಿಲಲ್ಲಿ ನಿಂತು, ಡಾಕ್ಟರ ಮುಂದೆ ತೆರೆದ ಹಾಗೆ ಬಾಯಿ ತೆರೆದು, "ಮೂಸಮ್ಮಾ, ಲಗೂನ ಮೂಸು, ನನಗ ಹಸಿವಾಗೇತಿ" ಅನ್ನುತ್ತಿದ್ದಳು. ನಾನು ನಾಚಿಕೆ ಬಿಟ್ಟು ಮೂಸುತ್ತಿದ್ದೆ. ಟಿಫಿನ್ ಡಬ್ಬಿಯ ನಿಂಬೆಹಣ್ಣಿನ ಚಿತ್ರಾನ್ನದ ವಾಸನೆ ಬರುತ್ತಿತ್ತು, ಒಂದೊಂದು ದಿನ ಚೂಯಿಂಗ್ ಗಮ್ಮಿನದು. ಚೂಯಿಂಗ್ ಗಮ್ಮಿನ ದಿನ ನನಗೆ ಇನ್ನೂ ಹೆಚ್ಚು ಅನುಮಾನ. ಏನೋ ಮುಚ್ಚಿಡುವುದಿಲ್ಲದೆ ಯಾರು ಅದನ್ನು ಜಗಿಯುತ್ತಾರೆ?

ನನ್ನದು ಅನುಮಾನದ ಸ್ವಭಾವ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಕಾಲದಲ್ಲಿ ನಾವಿದ್ದ ತೆಲುಗು ಸೀಮೆಯ ಬಡಾವಣೆ ಕೊಂಡಾಪುರವೂ ಹಾಗೇ ಇತ್ತು. ನಾವು ಫ್ಲ್ಯಾಟ್ ಕೊಂಡಾಗ ಎದುರಿಗೆ ಬಂಡೆ, ಕುರುಚಲು ಗಿಡ. ಐದು ವರ್ಷದಲ್ಲಿ ಬಂಡೆ ಇದ್ದಲ್ಲೆಲ್ಲ ಗಾಜಿನ ಕಟ್ಟಡ. ಯಾವ ಯಾವುದೋ ಊರಿನ ಹುಡುಗರು ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಒಂದೊಂದು ಫ್ಲ್ಯಾಟಿನಲ್ಲಿ ಆರಾರು ಜನ ತುಂಬಿಕೊಂಡರು. ಅವರ ಹಿಂದೆಯೇ ಬಿರಿಯಾನಿ ಅಂಗಡಿ ಬಂತು, ನೆಟ್ ಸೆಂಟರ್ ಬಂತು, ನಮ್ಮ ಗೇಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಮೂರು ವೈನ್ ಶಾಪ್ ಬಂದವು. ಕೆಳಗಿನ ಕ್ಯಾಬ್ ಡ್ರೈವರುಗಳ ಮೇಲೆ ನನಗೆ ಅನುಮಾನ, ಎರಡನೇ ಮಹಡಿಯ ಬ್ಯಾಚಲರುಗಳ ಮೇಲೆ ಅನುಮಾನ, ಬೇಕರಿಯವನು ಕೂಲ್ ಡ್ರಿಂಕಿನಲ್ಲಿ ಏನು ಬೆರೆಸುತ್ತಾನೋ ಅಂತ ಅದೊಂದು ಅನುಮಾನ. ನಮ್ಮವರು ನಗುತ್ತಿದ್ದರು. "ನಿನ್ನ ಬಾರ್ಡರಿಗೆ ಹಾಕಬೇಕಾಗಿತ್ತು ನೋಡು, ನಾ ಸುಮ್ನ ಹೋದೆ" ಅನ್ನುತ್ತಿದ್ದರು. ಅವರು ಮಿಲಿಟರಿಯಲ್ಲಿ ಹದಿನೈದು ವರ್ಷ ಇದ್ದು, ಆಮೇಲೆ ಊರಿನ ಇನ್ನೊಂದು ತುದಿಯ ರಕ್ಷಣಾ ಕಾರ್ಖಾನೆಗೆ ಸೇರಿದವರು.

ಒಂದು ದಿನ ಪಕ್ಕದ ಪಾರ್ಕಿನ ಹಿಂದೆ ಯೂನಿಫಾರ್ಮಿನಲ್ಲೇ ಇದ್ದ ನಾಲ್ಕು ಮಕ್ಕಳು ಬಿಯರ್ ಕುಡಿಯುತ್ತಾ ಸಿಕ್ಕಿಬಿದ್ದರು. ಶಾಲೆಯವರು ಪಾಲಕರನ್ನು ಕರೆದರು, ಪಾಲಕರು ಪೊಲೀಸರನ್ನು ಬೈದರು, ಪೊಲೀಸರು ಅಂಗಡಿಯವರನ್ನು ಬೈದರು, ಅಂಗಡಿಯವರು "ನಿಮ್ಮ ಮಕ್ಕಳ ಜೇಬಿನಲ್ಲಿ ದುಡ್ಡು ಇಟ್ಟವರು ಯಾರು?" ಅಂದರು. ಹೀಗೆ ಬೈದಾಡಿ ಸುಸ್ತಾದ ಮೇಲೆ ನಮ್ಮ ಠಾಣೆಯ ಎಸ್.ಐ. ಒಂದು ಒಳ್ಳೆಯ ಮಾತು ಹೇಳಿದರು: ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಬೈದಾಡಿ. ಹಾಗೆ ಕಮಿಟಿ ಹುಟ್ಟಿತು. ಶಾಲೆಯ ಹೆಡ್ ಮಿಸ್ಟ್ರೆಸ್, ನಾಲ್ಕು ಅಪಾರ್ಟ್‌ಮೆಂಟಿನ ಪಾಲಕರು, ಮೂರೂ ವೈನ್ ಶಾಪಿನವರು, ಕ್ಯಾಬ್ ಸ್ಟ್ಯಾಂಡಿನ ಹಿರಿಯ, ಬ್ಯಾಚಲರುಗಳ ಪರವಾಗಿ ಒಬ್ಬ ಕನ್ನಡಕದ ಹುಡುಗ. ಅಧ್ಯಕ್ಷಗಿರಿ ಯಾರಿಗೂ ಬೇಡವಾಗಿತ್ತು. ನನ್ನ ಗಂಟಲು ದೊಡ್ಡದು, ಮಧ್ಯಾಹ್ನ ಬಿಡುವೂ ಇತ್ತು. ನನ್ನ ತಲೆಗೆ ಕಟ್ಟಿದರು.

ನೇಲ್ ಪಾಲಿಶ್ ಉಪಾಯ ನನ್ನದೇ. ಒಂದೊಂದು ಅಂಗಡಿಗೆ ಒಂದೊಂದು ಬಣ್ಣ. ಮಾರುವ ಮುಂಚೆ ಪ್ರತಿ ಬಾಟಲಿಯ ತಳಕ್ಕೆ ಒಂದು ಚುಕ್ಕೆ ಇಡಬೇಕು. ಮಕ್ಕಳು ಕೂರುವ ಜಾಗದಲ್ಲಿ ಖಾಲಿ ಬಾಟಲಿ ಸಿಕ್ಕರೆ ತಳ ನೋಡಿದರಾಯಿತು, ಯಾವ ಅಂಗಡಿಯದು ಅಂತ ಗೊತ್ತಾಗುತ್ತದೆ. ಬ್ಯಾಚಲರುಗಳು ಮಕ್ಕಳಿಗೋಸ್ಕರ ತಂದುಕೊಡುವುದಿಲ್ಲ ಅಂತ ಮಾತು ಕೊಟ್ಟರು. ಡ್ರೈವರುಗಳೂ ಕೊಟ್ಟರು. ಶಿಲ್ಪಾರಾಮದ ಹತ್ತಿರದ ಫ್ಯಾನ್ಸಿ ಸ್ಟೋರಿನಿಂದ ಕೆಂಪು, ಬಿಳಿ, ನೀಲಿ ಶೀಶೆಗಳನ್ನು ನಾನೇ ತಂದು ಹಂಚಿದೆ. ಕೆಂಪು ಸಿಕ್ಕಿದ್ದು ನಮ್ಮ ಗೇಟಿಗೆ ತೀರ ಹತ್ತಿರದ ಅಂಗಡಿಯವನಿಗೆ. ಅವನು ಬೀದರ ಕಡೆಯವನು, ಕನ್ನಡ ಬರುತ್ತಿತ್ತು. ಶೀಶೆ ಕೈಯಲ್ಲಿ ಹಿಡಿದು ನಕ್ಕ: "ಬಾಟ್ಲಿಗಿ ಮದರಂಗಿ ಹಚ್ಚೂದು ಒಂದ ಬಾಕಿ ಉಳೀತು ನೋಡ್ರಿ ಅಕ್ಕಾ."

ನಾನು ನಗಲಿಲ್ಲ. ಹೆಂಡ ಮಾರುವವನು ನನ್ನನ್ನು ಅಕ್ಕಾ ಅನ್ನುವುದೇ ನನಗೆ ಸೇರುತ್ತಿರಲಿಲ್ಲ. ದಿನಾ ಕೊತ್ತಂಬರಿ ತರುವ ನೆಪದಲ್ಲಿ ಹೋಗಿ ಎದುರಿನ ತರಕಾರಿ ಗಾಡಿಯ ಹತ್ತಿರ ನಿಂತು, ಅವನು ಚುಕ್ಕೆ ಇಡುತ್ತಾನೋ ಇಲ್ಲವೋ ಅಂತ ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದೆ. ಇಡುತ್ತಿದ್ದ. ನನ್ನ ಕಡೆಗೆ ತಿರುಗಿಸಿ ತೋರಿಸಿಯೇ ಇಡುತ್ತಿದ್ದ. ಅದೂ ಅನುಮಾನಕ್ಕೆ ಕಾರಣವಾಯಿತು. ನಾನಿಲ್ಲದಾಗ ಏನು ಮಾಡುತ್ತಾನೋ! ಮನೆಯಲ್ಲಿ ಕೊತ್ತಂಬರಿ ಕೊಳೆತು ಹೋಗುತ್ತಿತ್ತು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ಆಗ ಅದು ಹೇಳಬೇಕಾದ ಸಂಗತಿ ಅಂತ ನನಗೆ ಅನ್ನಿಸಿಯೇ ಇರಲಿಲ್ಲ. ನಮ್ಮವರಿಗೆ ಮಾಜಿ ಸೈನಿಕರ ಕ್ಯಾಂಟೀನಿನಿಂದ ತಿಂಗಳು ತಿಂಗಳು ರಮ್ಮಿನ ಬಾಟಲಿಗಳು ಬರುತ್ತಿದ್ದವು. ನಮ್ಮದು ಗದಗಿನ ಕಡೆಯ ಮನೆತನ, ಈರುಳ್ಳಿಯೇ ನಮಗೆ ದೊಡ್ಡ ಚಟ. ಕುಡಿಯುವವರು ಯಾರೂ ಇಲ್ಲ. ಆದರೂ ಹಕ್ಕಿನದು ಬಿಡುವುದು ಹೇಗೆ? ತರುತ್ತಿದ್ದರು. ನಾನು ಬಾಟಲಿಯನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಕ್ಯಾಂಟೀನಿನ ಚೀಟಿ ಕಾಣದ ಹಾಗೆ ಕಿತ್ತು, ಒರೆಸಿ, ಪೇಪರಿನಲ್ಲಿ ಸುತ್ತಿ ಅಲಮಾರಿನಲ್ಲಿ ಇಡುತ್ತಿದ್ದೆ. ಗೀಜರ್ ರಿಪೇರಿ ಮಾಡಿದ ಎಲೆಕ್ಟ್ರಿಷಿಯನ್‌ಗೆ ಒಂದು, ಹಬ್ಬಕ್ಕೆ ಊರಿಗೆ ಟಿಕೇಟು ಮಾಡಿಸಿಕೊಟ್ಟವನಿಗೆ ಒಂದು, ಸಿಲಿಂಡರ್ ತಡಮಾಡದೆ ತಂದವನಿಗೆ ಒಂದು. ದುಡ್ಡು ಕೊಟ್ಟರೆ ಲಂಚ ಅನ್ನಿಸುತ್ತದೆ. ಇದು ಉಂಡೆ ಚಕ್ಕುಲಿ ಕೊಟ್ಟ ಹಾಗೆ. ನಾನು ಹೆಣ್ಣುಮಗಳು ಹೋಗಿ ಕೊಡುವುದು ಚೆನ್ನಾಗಿರುವುದಿಲ್ಲವಲ್ಲ, ಅದಕ್ಕೆ ಮಗಳ ಕೈಯಲ್ಲಿ ಚೀಲ ಕೊಟ್ಟು, "ಅಂಕಲ್‌ಗೆ ಕೊಟ್ಟು ಥ್ಯಾಂಕ್ಸ್ ಹೇಳಿ ಬಾ" ಅಂತ ಕಳಿಸುತ್ತಿದ್ದೆ. ಕಮಿಟಿಯ ಅಧ್ಯಕ್ಷೆ ಆದ ಮೇಲೂ ಕಳಿಸಿದೆ. ಅದು ಹೆಂಡ ಅಂತ ನನ್ನ ತಲೆಯೊಳಗೆ ಬರಲೇ ಇಲ್ಲ. ಹೆಂಡ ಅಂದರೆ ವೈನ್ ಶಾಪಿನಲ್ಲಿ ಇರುವುದು. ನಮ್ಮ ಅಲಮಾರಿನಲ್ಲಿ ಇದ್ದದ್ದು ಕ್ಯಾಂಟೀನಿನ ಸಾಮಾನು.

ಮಗಳು ಹತ್ತನೇ ಕ್ಲಾಸಿಗೆ ಬಂದಳು. ಚಳಿಗಾಲ ಮುಗಿಯುವ ಹೊತ್ತು, ವರ್ಷ ವರ್ಷವೂ ನಾಂಪಲ್ಲಿಯಲ್ಲಿ ಆಗುವ ದೊಡ್ಡ ಎಗ್ಸಿಬಿಷನ್ ನಡೆಯುತ್ತಿತ್ತು, ಅಪಾರ್ಟ್‌ಮೆಂಟಿನ ಅರ್ಧ ಜನ ಅಲ್ಲಿಗೆ ಹೋಗಿದ್ದರು. ಆ ಶನಿವಾರ ಮಧ್ಯಾಹ್ನ ನಮ್ಮ ಮೇಲಿನ ಮನೆಯ ಹುಡುಗ ಟೆರೇಸಿನ ನೀರಿನ ಟ್ಯಾಂಕಿನ ಕಬ್ಬಿಣದ ಏಣಿಯಿಂದ ಬಿದ್ದ. ಇಂಟರ್ ಎರಡನೇ ವರ್ಷದವನು, ಅಂದರೆ ನಮ್ಮ ಕಡೆಯ ಎರಡನೇ ಪಿಯುಸಿ, ಹದಿನೇಳು ತುಂಬಿರಲಿಲ್ಲ. ಬಲಗೈ ಎರಡು ಕಡೆ ಮುರಿದಿತ್ತು. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಉಳಿದದ್ದು ಮೂರೇ ತಿಂಗಳು. ಅವನನ್ನು ಎತ್ತಿ ಕಾರಿಗೆ ಹಾಕುವಾಗ ನಾನೂ ಇದ್ದೆ. ಬಾಯಿಂದ ವಾಸನೆ ಬರುತ್ತಿತ್ತು. ನಾನು ಮಗಳಲ್ಲಿ ವರ್ಷಕ್ಕೂ ಮೀರಿ ಹುಡುಕಿದ ವಾಸನೆ.

ಅವನ ಅಪ್ಪ ಟ್ಯಾಂಕಿನ ಹತ್ತಿರ ಬಿದ್ದಿದ್ದ ಬಾಟಲಿ ಎತ್ತಿ ತಳ ನೋಡಿದ್ದರು. "ಚುಕ್ಕೆ ಇಲ್ಲ, ಮೇಡಂ. ಒಂದೂ ಬಣ್ಣ ಇಲ್ಲ" ಅಂದರು. ಎಲ್ಲಿಂದ ತಂದೆ ಅಂತ ಎಷ್ಟು ಕೇಳಿದರೂ ಹುಡುಗ ಹೇಳಲಿಲ್ಲ.

ಚುಕ್ಕೆ ಇಲ್ಲವೆಂದರೆ ಯಾರೋ ಕದ್ದು ಮಾರಿದ್ದಾರೆ. ಕದ್ದು ಮಾರಿದವನು ಯಾರು ಅನ್ನುವುದರಲ್ಲಿ ನನಗೆ ಒಂದು ನಿಮಿಷವೂ ಸಂದೇಹ ಬರಲಿಲ್ಲ. ಮರುದಿನ ಹನ್ನೊಂದು ಗಂಟೆಗೆ ಕೆಂಪು ಶೀಶೆಯ ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆಯೇ ಅವನನ್ನು ತರಾಟೆಗೆ ತೆಗೆದುಕೊಂಡೆ. ನನ್ನ ಗಂಟಲಿಗೆ ರಸ್ತೆಯ ಆಟೋಗಳೂ ನಿಂತವು.

"ಕೆಂಪು ಬಣ್ಣ ನನ್ನ ಮುಂದ ಹಚ್ಚತೀರಿ, ಹಿಂದಿನ ಬಾಗಿಲಾಗಿಂದ ಹುಡುಗೂರಿಗೆ ಕೊಡತೀರಿ. ನಾಚಿಕಿ ಐತೇನ್ರಿ ನಿಮಗ?"

"ಅಕ್ಕಾ, ನನ್ನ ಬಾಟ್ಲಿ ಅಲ್ರಿ ಅದು. ನನಗೂ ಎರಡ ಹೆಣ್ಣಮಕ್ಕಳು ಅದಾರ್ರಿ. ಅವರ ಆಣಿ."

"ಮಕ್ಕಳ ಮ್ಯಾಲ ಆಣಿ ಮಾಡಬ್ಯಾಡ್ರಿ! ಅವರ ಹೊಟ್ಟಿಗೆ ಹಾಕಾಕತ್ತಿದ್ದು ಯಾರ ಮಕ್ಕಳಿಗೆ ಕುಡಿಸಿದ ರೊಕ್ಕ?"

ಅವನ ಮುಖ ಕಪ್ಪಿಟ್ಟಿತು. ಗಿರಾಕಿಗಳನ್ನು ಬಿಟ್ಟು ಒಳಗೆ ಹೋದ. ನೋಡಿದಿರಾ, ತಪ್ಪು ಮಾಡಿದವನ ಲಕ್ಷಣ ಅಂದುಕೊಂಡೆ. ಅಬಕಾರಿ ಆಫೀಸಿಗೆ ಕೊಡುವ ದೂರನ್ನು ಮನೆಗೆ ಬಂದು ನಾನೇ ಬರೆದೆ. ಮುಂದಿನ ಭಾನುವಾರದ ಮೀಟಿಂಗಿನಲ್ಲಿ ಕಮಿಟಿಯವರೆಲ್ಲ ಸಹಿ ಹಾಕುವುದು, ಹಾಕಿದರೆ ಅವನ ಲೈಸೆನ್ಸ್ ಹೋಗುವುದು ಗ್ಯಾರಂಟಿ ಅಂತ ಎಸ್.ಐ. ಹೇಳಿದ್ದರು. ಆ ವಾರವೆಲ್ಲ ನನಗೆ ಹಬ್ಬದ ಹುರುಪು.

ಶನಿವಾರ ಬೆಳಿಗ್ಗೆ ಬೆಲ್ ಆಯಿತು. ತೆರೆದರೆ ಅವನೇ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಬಂದ ನೋಡಪ್ಪಾ, ನನ್ನ ಕೈ ಬೆಚ್ಚಗೆ ಮಾಡಲು ಬಂದ, ಅಂದುಕೊಂಡೆ. ಒಳಗೆ ಕರೆಯಲಿಲ್ಲ. ಅವನೂ ಚಪ್ಪಲಿ ಬಿಡಲಿಲ್ಲ.

"ಟೆರೇಸಿನ ಮ್ಯಾಲ ಸಿಕ್ಕ ಬಾಟ್ಲಿ, ನಿಮ್ಮ ವಾಚ್‌ಮನ್ ಕಸದ ಚೀಲದಾಗ ಹಾಕಿಟ್ಟಿದ್ದ. ಕೇಳಿ ಇಸಗೊಂಡೆ. ಒಮ್ಮಿ ನೋಡ್ರಿ" ಅಂದ.

ಚೀಲದಲ್ಲಿ ಬಾಟಲಿ ಇತ್ತು. ಚೀಟಿ ಕಿತ್ತದ್ದು, ಅಂಟು ಉಗುರಿನಿಂದ ಕೆರೆದದ್ದು. ಅದರ ಜೊತೆಗೆ ಮುದ್ದೆಯಾದ ಪೇಪರಿನ ಹಾಳೆ. ಬಿಡಿಸಿದೆ. ಕನ್ನಡ ಪೇಪರ್. ನಾಂಪಲ್ಲಿ ಸ್ಟೇಷನ್ನಿನ ಎದುರಿನ ಅಂಗಡಿಯವನು ವಾರದ ಪೇಪರುಗಳನ್ನು ಕಟ್ಟಿಡುತ್ತಿದ್ದ, ನಮ್ಮವರು ಶನಿವಾರ ಹೋಗಿ ತರುತ್ತಿದ್ದರು. ಇಡೀ ಕೊಂಡಾಪುರದಲ್ಲಿ ಬೇರೆ ಯಾರ ಮನೆಗೂ ಬರುತ್ತಿದ್ದುದು ನನಗೆ ಗೊತ್ತಿಲ್ಲ. ಮೂಲೆಯಲ್ಲಿ ಪದಬಂಧ, ಅರ್ಧ ತುಂಬಿದ್ದು. ನೀಲಿ ಪೆನ್ನಿನ ಅಕ್ಷರ ನನ್ನವು.

"ಉಳದವ್ರೆಲ್ಲ ತೆಲುಗು ಪೇಪರ್ ಅಂದ್ಕೊಂಡಾರ್ರಿ, ಯಾರೂ ದಿಟ್ಟಿಸಿ ನೋಡಿಲ್ಲ. ನನಗ ಓದಾಕ ಬರ್ತೈತಲ್ರಿ" ಅಂದ.

ಹಾಳೆ ಮಡಿಸಿ ಕೈಯಲ್ಲಿ ಮುಚ್ಚಿಕೊಂಡೆ. ಆಗ ನನ್ನ ಬಾಯಿಗೆ ಬಂದದ್ದು ಏನು ಗೊತ್ತೇ? "ನಿಮಗ ಏನ್ ಬೇಕು ಹೇಳ್ರಿ."

ಅವನು ಚೀಲವನ್ನು ನನ್ನ ಕೈಗೇ ಬಿಟ್ಟ. "ಏನೂ ಬ್ಯಾಡ್ರಿ ಅಕ್ಕಾ. ನಿಮ್ಮ ಹುಡುಗಿ ಚೀಲಾ ಹಿಡ್ಕೊಂಡು ಎಲೆಕ್ಟ್ರಿಕ್ ಅಂಗಡಿಗೆ ಹೋಗೂದನ್ನ ಭಾಳ ಸಲ ನೋಡೀನಿ. ಮೀಟಿಂಗಿನ್ಯಾಗ ಇದನ್ನ ತೋರಿಸಿದ್ರ ಆಕಿ ಹೆಸರ ಬರ್ತೈತಿ. ಅದಕ್ಕ ಮೊದಲ ನಿಮ್ಮ ಕಡೆ ತಂದೀನಿ" ಅಂದು ಮೆಟ್ಟಿಲಿಳಿದ. ಲಿಫ್ಟಿಗೂ ಕಾಯಲಿಲ್ಲ.

ಇಷ್ಟು ಕೇಳಿದ ಮೇಲೂ ಬಾಗಿಲು ಹಾಕಿಕೊಂಡು ನಾನು ಯೋಚಿಸಿದ್ದು, ಇವನು ಇನ್ನೊಂದು ಹಾಳೆ ತನ್ನ ಹತ್ತಿರ ಇಟ್ಟುಕೊಂಡಿರಬಹುದೇ ಅಂತ. ಅಂಥ ಹಾಳು ಮನಸ್ಸು ನನ್ನದು. ಆಮೇಲೆ ಅಲಮಾರು ತೆರೆದೆ. ಐದಿರಬೇಕಾದಲ್ಲಿ ನಾಲ್ಕು ಇದ್ದವು.

ಮಗಳು ಕೋಣೆಯಲ್ಲಿ ಓದುತ್ತಿದ್ದಳು. ಬಾಟಲಿ ಅವಳ ಪುಸ್ತಕದ ಮೇಲೆಯೇ ಇಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಸುಳ್ಳು ಹೇಳಲಿಲ್ಲ.

"ಯಾಕ ಕೊಟ್ಟಿ ಮ್ಯಾಲಿನ ಮನಿ ಹುಡುಗಗ?"

"ಮೂರು ತಿಂಗಳಿಂದ ಮ್ಯಾಥ್ಸ್ ಹೇಳಿಕೊಟ್ಟಾನ. ಪ್ರಿಫೈನಲ್ ಪರೀಕ್ಷ್ಯಾಗ ಎಂಬತ್ತೆಂಟು ಬಂತಲ್ಲ, ಅವನಿಂದ. ಅವನಿಗೊಂದು ಥ್ಯಾಂಕ್ಸ್ ಹೇಳು ಅಂತ ನೀನ ಹೇಳಿದ್ದಿ."

"ಥ್ಯಾಂಕ್ಸ್ ಹೇಳಂದ್ರ ಇದನ್ನ ಕೊಡೂದಾ? ಬುದ್ಧಿ ಎಲ್ಲಿಟ್ಟಿದ್ದಿ?"

"ಉಳದವರಿಗೆಲ್ಲಾ ಏನ್ ಕೊಟ್ಟು ಕಳಸ್ತಿದ್ದಿ ಅಮ್ಮಾ?" ಅಂದಳು. ದನಿ ಏರಿಸಲಿಲ್ಲ. "ಅವನು ಕೇಳಿದ. ನಿಮ್ಮ ಮನ್ಯಾಗ ಇರ್ತೈತಂತಲ್ಲ ಅಂದ. ನನಗೂ ಅದು ಸರಿ ಅಲ್ಲ ಅನಿಸ್ತು. ಆದ್ರ ಎಲ್ಲರಿಗೂ ಕೊಟ್ಟು, ಪಾಠಾ ಹೇಳಿದವಗ ಇಲ್ಲ ಅಂತ ಹ್ಯಾಂಗ ಹೇಳ್ಲಿ?"

ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಮೊದಲ ಸಲ ಚೀಲ ಕೊಟ್ಟು ಕಳಿಸಿದ್ದು ನೆನಪಾಯಿತು. ಭಾರವಾಗುತ್ತದೆ ಅಂತ ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಹೋಗಿದ್ದಳು. ಬೀಳಿಸದೆ ಮುಟ್ಟಿಸಿ ಬಂದದ್ದಕ್ಕೆ ನಾನು ಶಾಣ್ಯಾಕಿ ಅಂದಿದ್ದೆ.

ನಮ್ಮವರು ಪೇಪರುಗಳ ಕಟ್ಟು ಹಿಡಿದು ನಾಂಪಲ್ಲಿಯಿಂದ ಬಂದರು. ಎಲ್ಲ ಕೇಳಿ ಬೆರಳು ಮಡಚಿ ಎಣಿಸಲು ಶುರು ಮಾಡಿದರು. ಕ್ಯಾಂಟೀನ್ ಕಾರ್ಡ್ ಹೋಗುತ್ತದೆ, ಕಾರ್ಖಾನೆಯಲ್ಲಿ ಮುಖ ಎತ್ತಲು ಆಗುವುದಿಲ್ಲ, ಹತ್ತನೇ ಕ್ಲಾಸಿನ ಹುಡುಗಿಯ ಹೆಸರು ಊರಿಗೆಲ್ಲ ಆಗುತ್ತದೆ. "ಹಾಳಿ ಸುಟ್ಟ ಬಿಡು. ಬಾಟ್ಲಿ ಎಲ್ಲ್ಯಾರ ಒಗದ ಬರ್ತೀನಿ. ಆ ಅಂಗಡ್ಯಾಂವ ಬಾಯಿ ಬಿಡೂದಿಲ್ಲ, ಬಿಡಾಂವ ಇದ್ರ ಇಷ್ಟೊತ್ತಿಗೆ ಬಿಡ್ತಿದ್ದ" ಅಂದರು.

ಸುಳ್ಳು ಹೇಳಲಾರೆ, ಗ್ಯಾಸಿನ ಮುಂದೆ ಹಾಳೆ ಹಿಡಿದು ನಿಂತೆ. ಒಲೆಯನ್ನೂ ಹಚ್ಚಿದೆ. ಪಕ್ಕದ ಕಟ್ಟೆಯ ಮೇಲೆ ಮರುದಿನದ ದೂರಿನ ಕಾಗದ ಇತ್ತು. ಅವನ ವಿರುದ್ಧ ಎರಡು ಪುಟ, ಅದೇ ನೀಲಿ ಪೆನ್ನು. ಹೆಂಡ ಮಾರುವವನು ನನ್ನ ಮಗಳ ಹೆಸರು ಉಳಿಸಲು ಮೂರು ಮಹಡಿ ಹತ್ತಿ ಬಂದಿದ್ದ. ನಾನು ಅವನ ಮಕ್ಕಳ ಅನ್ನದ ಬಗ್ಗೆ ರಸ್ತೆಯಲ್ಲಿ ಕೂಗಿ ಬಂದಿದ್ದೆ. ಥೂ ಅನ್ನಿಸಿತು, ನನ್ನ ಮೇಲೆಯೇ. ಒಲೆ ಆರಿಸಿದೆ.

ಭಾನುವಾರ ಕಮ್ಯೂನಿಟಿ ಹಾಲಿನಲ್ಲಿ ಎಂದಿಗಿಂತ ಹೆಚ್ಚು ಜನ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗನ ಅಪ್ಪ ಅಮ್ಮ ಮುಂದಿನ ಸಾಲಿನಲ್ಲಿದ್ದರು. ಕೆಂಪು ಶೀಶೆಯ ಅಂಗಡಿಯವನು ಕೊನೆಯ ಕುರ್ಚಿಯಲ್ಲಿ ಕೂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಬ್ಬನೇ. ಎಸ್.ಐ. "ಓದಿ ಮೇಡಂ, ಸಹಿ ಮಾಡಿಬಿಡೋಣ" ಅಂದರು. ನಾನು ದೂರಿನ ಕಾಗದ ನಾಲ್ಕು ತುಂಡು ಮಾಡಿ, ಮೇಜಿನ ಮೇಲೆ ಬಾಟಲಿ, ಹಾಳೆ ಇಟ್ಟೆ. "ಈ ಬಾಟಲಿ ನಮ್ಮ ಮನೆಯದು" ಅಂತ ಮೊದಲು ಹಿಂದಿಯಲ್ಲಿ, ಆಮೇಲೆ ನನಗೆ ಬರುವ ತೆಲುಗಿನಲ್ಲಿ ಎರಡು ಸಲ ಹೇಳಬೇಕಾಯಿತು.

ಹುಡುಗನ ತಾಯಿ ಎದ್ದು ನಿಂತಳು. "ಮನೆಯಿಂದ ನಮ್ಮ ಹುಡುಗನ ಕೈಗೆ ಕೊಟ್ಟವರು ಯಾರು?"

"ನಾನು" ಅಂದೆ.

ಹಿಂದಿನಿಂದ ದನಿ ಬಂತು: "ಅಲ್ಲ ಆಂಟೀ, ನಾನು ಕೊಟ್ಟೆ." ನನ್ನ ಮಗಳು. ಮನೆಯಲ್ಲೇ ಇರು ಅಂದಿದ್ದೆ, ಯಾವಾಗ ಬಂದು ನಿಂತಿದ್ದಳೋ. ಎಲ್ಲರೂ ಅವಳ ಕಡೆ ತಿರುಗಿದರು. ಆ ನೋಟಗಳು ನನಗೆ ಗೊತ್ತು, ವರ್ಷವಿಡೀ ನಾನೇ ಊರಿನವರನ್ನೆಲ್ಲ ಹಾಗೆ ನೋಡಿದವಳು.

"ಕೊಟ್ಟದ್ದು ಅವಳ ಕೈ ಇರಬಹುದು. ಆದರೆ ಮೂರನೇ ಕ್ಲಾಸಿನಿಂದ ಆ ಕೈಗೆ ಬಾಟಲಿ ಕೊಟ್ಟು ಮನೆ ಮನೆಗೆ ಕಳಿಸಿದವಳು ನಾನು" ಅಂದೆ. ಆಮೇಲೆ ಕೊನೆಯ ಕುರ್ಚಿಯ ಕಡೆ ಕೈ ಮುಗಿದು, ರಸ್ತೆಯಲ್ಲಿ ಆಡಿದ್ದಕ್ಕೆ ಅಲ್ಲೇ ಎಲ್ಲರೆದುರು ಕ್ಷಮೆ ಕೇಳಿದೆ.

ಹುಡುಗನ ತಾಯಿ ನನ್ನನ್ನು ಕ್ಷಮಿಸಲಿಲ್ಲ. ಕ್ಷಮಿಸಬೇಕಾಗಿಯೂ ಇರಲಿಲ್ಲ. ಪರೀಕ್ಷೆ ಬರೆಯಲಾಗದೆ ಅವಳ ಹುಡುಗನ ಒಂದು ವರ್ಷ ಹೋಯಿತು. ಅಧ್ಯಕ್ಷಗಿರಿ ಆ ದಿನವೇ ಕನ್ನಡಕದ ಬ್ಯಾಚಲರ್ ಹುಡುಗನಿಗೆ ಹೋಯಿತು. ಕಮಿಟಿ ಒಂದು ಹೊಸ ನಿಯಮ ಬರೆದುಕೊಂಡಿತು: ಮನೆಯಲ್ಲಿರುವ ಬಾಟಲಿಗೆ ಬೀಗ ಹಾಕಬೇಕು, ಮಕ್ಕಳ ಕೈಯಲ್ಲಿ ಯಾರಿಗೂ ಕಳಿಸಬಾರದು. ಆಗ ಗೊತ್ತಾಯಿತು, ಹಾಗೆ ಕಳಿಸುತ್ತಿದ್ದವಳು ನಾನೊಬ್ಬಳೇ ಅಲ್ಲ. ತಲೆ ತಗ್ಗಿಸಿದವರು ಇನ್ನೂ ನಾಲ್ಕೈದು ಜನ ಇದ್ದರು. ಹೊರಗೆ ಬರುವಾಗ ಅಂಗಡಿಯವನು ಜೇಬಿನಿಂದ ಕೆಂಪು ಶೀಶೆ ತೆಗೆದು ನನ್ನ ಕೈಗಿಟ್ಟ. "ನಮ್ಮ ಏರಿಯಾದಾಗ ಮೂರಲ್ರಿ ಅಕ್ಕಾ, ನಾಕ ಅಂಗಡಿ ಅದಾವು. ನಿಮಗೂ ಒಂದು ಬಣ್ಣ ಬೇಕಾಗ್ತೈತಿ" ಅಂದ. ನಗುತ್ತಲೇ ಅಂದ. ಅದರಲ್ಲಿ ಅನುಮಾನಪಟ್ಟು ಹುಡುಕಲು ಏನೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಉಳಿದ ನಾಲ್ಕೂ ಬಾಟಲಿಗಳನ್ನು ಬಚ್ಚಲಿಗೆ ಸುರಿದೆ. ಎಷ್ಟು ನೀರು ಹಾಕಿದರೂ ವಾಸನೆ ಹೋಗಲಿಲ್ಲ. ಪರದೆಗೆ, ಸೀರೆಗೆ, ನನ್ನ ಕೈಗೆ, ಇಡೀ ಮನೆಗೆ ಹತ್ತಿತು. ಮಗಳು ಸ್ಕೂಲಿನಿಂದ ಬಂದು ರೂಢಿಯಂತೆ ಬಾಗಿಲಲ್ಲಿ ಬಾಯಿ ತೆರೆದು ನಿಂತಳು. ನಾನೂ ರೂಢಿಯಂತೆ ಗಲ್ಲ ಹಿಡಿದೆ. ಏನೂ ತಿಳಿಯಲಿಲ್ಲ.

"ಇವತ್ತ ನನಗ ಏನೂ ತಿಳೀವಲ್ದು" ಅಂದೆ.

"ಹಂಗಿದ್ರ ಕೇಳು ಅಮ್ಮಾ."

ಕೇಳಿದೆ. "ನೀ ಕುಡದೀಯೇನು?"

"ಹೂಂ. ಅವನಿಗೆ ಕೊಡೂದಕ್ಕಿಂತ ಮೊದಲ, ಮುಚ್ಚಳದಾಗ ಒಂದು ಗುಟುಕು. ಭಾಳ ಕೆಟ್ಟ ಇತ್ತು. ಮರುದಿವಸ ಸ್ಕೂಲಿಂದ ಬಂದಾಗ ಹೇಳಬೇಕಂತ ಮಾಡಿದ್ದೆ. ನೀ ಮೂಸಿ ಒಳಗ ಹೋದಿ" ಅಂದಳು.

ಒಂದೂವರೆ ವರ್ಷ ಅವಳ ಬಾಯಿ ಮೂಸಿದ್ದೆ, ಒಂದು ದಿನವೂ ಕೇಳಿರಲಿಲ್ಲ. ಬಾಗಿಲಲ್ಲೇ ಕೂತು, ಅವಳ ಶೂ ನಾನೇ ಬಿಚ್ಚಿದೆ. ಆಮೇಲೆ ಏನು ಊಟ ಮಾಡುತ್ತೀ ಅಂತ ಕೇಳಿದೆ.